ಹೆಣ್ಣುಹಕ್ಕಿಗಳ ಗರಿಬಣ್ಣ (ಉಷ್ಣವಲಯ)

ಉಷ್ಣವಲಯದ ಅನೇಕ ಹಕ್ಕಿಗಳಲ್ಲಿ ಹೆಣ್ಣಿನ ಗರಿಗಳೂ ಗಂಡಿನಷ್ಟೇ, ಕೆಲವೊಮ್ಮೆ ಗಂಡಿಗಿಂತ ಹೆಚ್ಚಾಗಿ, ಎದ್ದು ಕಾಣುತ್ತವೆ. ಆಹಾರಕ್ಕೋ ಗೂಡಿನ ಜಾಗಕ್ಕೋ ಪೈಪೋಟಿ ಬಿದ್ದಾಗ ಆ ಬಣ್ಣ ಎದುರಾಳಿಯ ನಡತೆಯನ್ನು ಬದಲಿಸುವುದಾದರೆ ಅದು ಸಾಮಾಜಿಕ ಸಂಕೇತ. ಸಂಗಾತಿಯನ್ನು ಒಲಿಸುವ ಬಣ್ಣದಿಂದ ಇದನ್ನು ಬೇರೆಯಾಗಿ ನೋಡಬೇಕು; ಆದರೂ ಒಂದೇ ಗರಿ ಎರಡೂ ಕೆಲಸ ಮಾಡುವುದುಂಟು. ಕರ್ನಾಟಕದ ಕೆರೆಯಂಚುಗಳಲ್ಲಿರುವ ಬಣ್ಣದ ಉಲ್ಲಂಕಿಯಲ್ಲೂ ಹೆಣ್ಣೇ ಹೆಚ್ಚು ವರ್ಣಮಯ. ಅಲ್ಲಿ ಕಾವು ಕೂರುವುದು, ಮರಿ ಸಾಕುವುದು ಗಂಡು. ಹೀಗೆ ಪಾತ್ರಗಳು ಅದಲುಬದಲಾದ ಹಕ್ಕಿಗಳನ್ನು ಇಲ್ಲಿ ಸೇರಿಸಿಲ್ಲ.

ವಿಚಾರದ ಬೆಳವಣಿಗೆ

ಹೆಣ್ಣಿನ ಬಣ್ಣವನ್ನು ಡಾರ್ವಿನ್ 1871ರಲ್ಲಿ ಬಹುಮಟ್ಟಿಗೆ ಗಂಡಿನ ಅಲಂಕಾರದ ಆನುವಂಶಿಕ ಪಾಲೆಂದು ಕಂಡ. ವಾಲೇಸನ ಗಮನ ಗೂಡಿನ ಮೇಲಿತ್ತು: ಬಯಲಿನಲ್ಲಿ ಕಾವು ಕೂರುವ ಹೆಣ್ಣು ಮಂಕಾಗಿರಬೇಕು, ಪೊಟರೆಯೊಳಗೆ ಕೂರುವುದು ಬಣ್ಣ ಉಳಿಸಿಕೊಳ್ಳಬಹುದು. ಹೆಣ್ಣುಗಳ ನಡುವಿನ ಸ್ಪರ್ಧೆಯನ್ನು ಇಬ್ಬರೂ ಮುನ್ನೆಲೆಗೆ ತರಲಿಲ್ಲ. ಮೇರಿ ಜೇನ್ ವೆಸ್ಟ್-ಎಬರ್‌ಹಾರ್ಡ್ 1979 ಮತ್ತು 1983ರಲ್ಲಿ ಮಂಡಿಸಿದ ಸಾಮಾಜಿಕ ಸ್ಪರ್ಧೆಯ ವಾದ ಆ ಕೊರತೆಯನ್ನು ತುಂಬಿತು. ಸುಮಾರು 6000 ಜಾತಿಯ ಗುಬ್ಬಚ್ಚಿ ಗಣದ ಹಕ್ಕಿಗಳನ್ನು ಹೋಲಿಸಿದ 2015ರ ಅಧ್ಯಯನದಲ್ಲಿ ಉಷ್ಣವಲಯದ ಹೆಣ್ಣುಗಳು ಹೆಚ್ಚು ಅಲಂಕೃತವೆಂದು ಕಂಡುಬಂತು.

ಜಾಕೋಬಿನ್ ಹಮ್ಮಿಂಗ್‌ಬರ್ಡ್

ಸದ್ಯಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆ ಸಿಕ್ಕಿರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಳಿಕುತ್ತಿಗೆಯ ಜಾಕೋಬಿನ್‌ನಲ್ಲಿ. ಗಂಡಿಗೆ ಹೊಳೆವ ನೀಲಿ ತಲೆ, ಅಚ್ಚ ಬಿಳಿಯ ಹೊಟ್ಟೆ ಮತ್ತು ಬಾಲ, ಹಿಂಗತ್ತಿನಲ್ಲಿ ಬಿಳಿ ಪಟ್ಟಿ. ಹೆಣ್ಣಿನ ಬೆನ್ನು ಹಸಿರು, ಗಂಟಲಲ್ಲಿ ಹುರುಪೆಯಂಥ ಚುಕ್ಕೆಗಳು. ಆದರೆ ಬೆಳೆದ ಹೆಣ್ಣುಗಳಲ್ಲಿ ಸುಮಾರು ಐದರಲ್ಲೊಂದು ಥೇಟ್ ಗಂಡಿನಂತೆಯೇ ಇರುತ್ತದೆ.

ಜೇ ಫಾಕ್ ಮತ್ತು ಸಂಗಡಿಗರು ಪನಾಮಾದ ಗಂಬೋವಾದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಸಂಗತಿ ಮರಿಗಳದು. ಗಂಡಾಗಲಿ ಹೆಣ್ಣಾಗಲಿ ಎಲ್ಲ ಎಳೆಯ ಹಕ್ಕಿಗಳಿಗೂ ಗಂಡಿನ ಗರಿಯೇ ಇತ್ತು. ಇತರ ಹಕ್ಕಿಗಳಲ್ಲಿ ಮರಿಗಳು ಸಾಮಾನ್ಯವಾಗಿ ತಾಯಿಯನ್ನು ಹೋಲುತ್ತವೆ. ಇಲ್ಲಿ ಅದು ತಿರುಗುಮುರುಗು. ಕೂಡುವ ವಯಸ್ಸೇ ಬಾರದ ಹಕ್ಕಿಗೆ ಸಂಗಾತಿಯ ಮೆಚ್ಚುಗೆ ಬೇಕಿಲ್ಲ. ಒಲಿಸುವ ಬಣ್ಣವೆಂಬ ವಿವರಣೆ ಇಲ್ಲಿಯೇ ಸಡಿಲವಾಗುತ್ತದೆ.

ತಂಡದವರು ಒಣಗಿಸಿ ತುಂಬಿದ ಹಕ್ಕಿಗಳನ್ನು ಸಕ್ಕರೆ ನೀರಿನ ಬಟ್ಟಲುಗಳ ಬಳಿ ಇಟ್ಟರು. ಗಂಡುಗಳು ಕೂಡಲು ಬಂದದ್ದು ಹೆಚ್ಚಾಗಿ ಮಂಕು ಹೆಣ್ಣುಗಳ ಬಳಿಗೆ. ಗಂಡಿನ ವೇಷದವು ಅವುಗಳ ಮೊದಲ ಆಯ್ಕೆಯಾಗಿರಲಿಲ್ಲ. ಜೀವಂತ ಹಕ್ಕಿಗಳಲ್ಲಿಯೂ ಅಟ್ಟಾಟ, ಕುಕ್ಕಾಟ ಹೆಚ್ಚಾಗಿ ಮಂಕು ಹೆಣ್ಣಿನ ಪಾಲಾಗುತ್ತಿತ್ತು. ಅಕ್ಕಿಕಾಳಿನಷ್ಟು ಚಿಕ್ಕ ಎಲೆಕ್ಟ್ರಾನಿಕ್ ಗುರುತನ್ನು ಹಕ್ಕಿಗಳಿಗೆ ಅಳವಡಿಸಿದ್ದರಿಂದ ಯಾವುದು ಎಷ್ಟು ಸಲ ಬಂತು, ಎಷ್ಟು ಹೊತ್ತು ಕುಡಿಯಿತು ಎಂಬುದು ದಾಖಲಾಯಿತು. ಗಂಡಿನ ವೇಷದ ಹೆಣ್ಣುಗಳು ಹೆಚ್ಚು ಸಲ ಬಂದು, ಹೆಚ್ಚು ಹೊತ್ತು ಕುಡಿದವು. ಕಾದಾಡಿ ಗೆಲ್ಲುವ ಕಸುವನ್ನು ಈ ಗರಿ ಸಾರುತ್ತದೆ ಎನ್ನುವುದಕ್ಕಿಂತ ಗಂಡೆಂಬ ಭ್ರಮೆ ಹುಟ್ಟಿಸಿ ಕಾಟ ತಪ್ಪಿಸುತ್ತದೆ ಎನ್ನುವುದು ಹೆಚ್ಚು ಸರಿ ಎನಿಸುತ್ತದೆ. ಹಾಗಾದರೆ ಎಲ್ಲ ಹೆಣ್ಣುಗಳೂ ಏಕೆ ಹಾಗೆಯೇ ಉಳಿಯುವುದಿಲ್ಲ? ವೇಷಧಾರಿಗಳು ಹೆಚ್ಚಾದಷ್ಟೂ ಮೋಸದ ಬೆಲೆ ಇಳಿಯುತ್ತದೆ ಎಂಬುದು ಒಂದು ಸಂಭಾವ್ಯ ಉತ್ತರ.

ಎಕ್ಲೆಕ್ಟಸ್ ಗಿಳಿ

ಇದರಲ್ಲಿ ಗಂಡು ಹಸಿರು, ಹೆಣ್ಣು ಕಡುಗೆಂಪು ಮತ್ತು ನೀಲಿ. ಇವು ಬೇರೆ ಬೇರೆ ಜಾತಿಗಳೆಂದೇ ಬಹುಕಾಲ ನಂಬಲಾಗಿತ್ತು. ಒಂದೇ ಜಾತಿಯೆಂದು ಎ. ಬಿ. ಮೆಯರ್ 1874ರಲ್ಲಿ ತೋರಿಸಿದ. ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಮಳೆಕಾಡಿನಲ್ಲಿ ರಾಬರ್ಟ್ ಹೈನ್ಸನ್, ಸಾರಾ ಲೆಗ್, ಜಾನ್ ಎಂಡ್ಲರ್ ನಡೆಸಿದ ಅಧ್ಯಯನ 2005ರಲ್ಲಿ ಹೊರಬಂತು. ಒಳ್ಳೆಯ ಪೊಟರೆಗಳು ಅಪರೂಪ, ಅದಕ್ಕಾಗಿ ಹೆಣ್ಣುಗಳ ನಡುವೆ ಕಾದಾಟ ಭೀಕರ. ಹೆಣ್ಣು ವರ್ಷದ ಬಹುಭಾಗ ಪೊಟರೆಯ ಕಾವಲಿಗೇ ಇದ್ದು, ಒಂದಕ್ಕಿಂತ ಹೆಚ್ಚು ಗಂಡುಗಳು ತಂದುಕೊಡುವ ಆಹಾರ ತಿನ್ನುತ್ತದೆ. ಮರದ ಬೊಡ್ಡೆಯ ಹಿನ್ನೆಲೆಯಲ್ಲಿ ಆ ಕೆಂಪು ದೂರಕ್ಕೇ ಕಾಣುವುದರಿಂದ, ಪೊಟರೆಗೆ ಒಡತಿ ಇದ್ದಾಳೆ ಎಂಬ ಎಚ್ಚರಿಕೆ ಇತರ ಹೆಣ್ಣುಗಳಿಗೆ ಮುಟ್ಟುತ್ತದೆ. ಅಪಾಯ ಬಂದರೆ ಒಳಗೆ ನುಗ್ಗಿದರಾಯಿತು. ಕಾಡೆಲ್ಲ ಸುತ್ತುವ ಗಂಡಿಗೆ ಆ ಆಸರೆ ಇಲ್ಲ, ಎಲೆಗಳ ನಡುವೆ ಹಸಿರೇ ಅದರ ಮರೆ.

ನ್ಯೂಗಿನಿಯ ಫೇರಿರೆನ್

ಬಿಳಿಹೆಗಲಿನ ಫೇರಿರೆನ್‌ನ ಗಂಡು ಎಲ್ಲೆಡೆ ಕಪ್ಪುಬಿಳುಪು. ಹೆಣ್ಣು ಮಾತ್ರ ಕೆಲವು ಉಪಜಾತಿಗಳಲ್ಲಿ ಕಂದು, ಕೆಲವದರಲ್ಲಿ ಗಂಡಿನಂತೆಯೇ ಕಪ್ಪುಬಿಳುಪು. ಅಲಂಕೃತ ಹೆಣ್ಣುಗಳು ನೆಲೆ ಕಾಯುವಾಗ ಹೆಚ್ಚು ಆಕ್ರಮಣಶೀಲವೆಂದು ಕಂಡುಬಂದಿದೆ.