ಉನ್ಮಾದ ಮತ್ತು ನಿದ್ರೆ

ಹರ್ಷ ಮತ್ತು ಖಿನ್ನತೆಗಳೆಂಬ ಎರಡು ತುದಿಗಳ ನಡುವೆ ಮನಸ್ಸನ್ನು ಎಳೆದಾಡುವ ಬೈಪೋಲಾರ್ ವ್ಯಾಧಿಯಲ್ಲಿ ಹರ್ಷದ ತುದಿಗೆ ಮೇನಿಯಾ ಅಥವಾ ಉನ್ಮಾದವೆಂದು ಹೆಸರು. ಈ ಅವಸ್ಥೆಯಲ್ಲಿ ಮಾತು, ಓಡಾಟ, ಖರ್ಚು, ಸಿಡುಕು, ತನ್ನ ಶಕ್ತಿಯ ಮೇಲಣ ನಂಬಿಕೆ ಎಲ್ಲವೂ ಮೇರೆ ಮೀರುತ್ತವೆ. ಆದರೆ ಇವು ಪ್ರಕಟವಾಗುವುದಕ್ಕೆ ಕೆಲವು ದಿನ ಮುಂಚೆಯೇ ಅನೇಕ ವೇಳೆ ಮನೆಯವರ ಗಮನಕ್ಕೆ ಬರುವುದು ನಿದ್ರೆಯ ಲೋಪ. ನಡುರಾತ್ರಿ ಎರಡು ಗಂಟೆಗೆ ಎದ್ದು ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ತೊಳೆಯತೊಡಗುವ ಸೊಸೆಯನ್ನೋ, ಬೆಳಕು ಹರಿಯುವ ಮೊದಲೇ ನೆಂಟರನ್ನೆಲ್ಲ ಎಬ್ಬಿಸಿ ಹೊಸ ವ್ಯಾಪಾರದ ಲೆಕ್ಕ ಒಪ್ಪಿಸುವ ಮಗನನ್ನೋ ಕಂಡು, "ಇವರಿಗೆ ಮತ್ತೆ ಶುರುವಾಯಿತು" ಎಂದು ಮನೆಯ ಹಿರಿಯರು ವೈದ್ಯರಿಗಿಂತ ಮೊದಲೇ ಅರಿತುಕೊಳ್ಳುವುದುಂಟು. ನಿದ್ರಾಹೀನತೆಯಿಂದ ನರಳುವ ಇತರರಿಗೂ ಈ ರೋಗಿಗೂ ಇರುವ ವ್ಯತ್ಯಾಸ ಮುಖ್ಯವಾದುದು. ಅವರು ನಿದ್ರೆಯನ್ನು ಬಯಸುತ್ತಾರೆ, ಅದು ಬಾರದೆ ಬಳಲುತ್ತಾರೆ. ಉನ್ಮಾದಿಗಾದರೋ ನಿದ್ರೆಯೇ ಬೇಕೆನಿಸುವುದಿಲ್ಲ. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಕೈಪಿಡಿಯು ಈ ಲಕ್ಷಣಕ್ಕೆ ಕೊಡುವ ಉದಾಹರಣೆ, ಕೇವಲ 3 ಗಂಟೆ ನಿದ್ರಿಸಿಯೂ ವಿಶ್ರಾಂತಿ ದೊರೆತಂತೆ ಭಾವಿಸುವುದು. ವೈದ್ಯಶಾಸ್ತ್ರವು ಈ ಲೋಪವನ್ನು ಬಹುಕಾಲ ರೋಗದ ಫಲವೆಂದು ಮಾತ್ರ ಎಣಿಸಿತ್ತು. ಅದು ರೋಗಕ್ಕೆ ಕಾರಣವೂ ಆಗಬಲ್ಲದು, ಆದಕಾರಣ ನಿದ್ರೆಯ ರಕ್ಷಣೆಯೇ ಚಿಕಿತ್ಸೆಯ ಒಂದು ಅಂಗ ಎಂಬ ತಿಳಿವಳಿಕೆ ಈಚಿನದು.

ಹಾಗೆಂದು ಪ್ರಾಚೀನರು ಇದನ್ನು ಅಲಕ್ಷಿಸಿದ್ದರೆನ್ನಲಾಗದು. ಚರಕಸಂಹಿತೆಯು ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಆಹಾರ, ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ಎಣಿಸಿ, ಸುಖದುಃಖಗಳೂ ಪುಷ್ಟಿಕಾರ್ಶ್ಯಗಳೂ ಅದನ್ನೇ ಅವಲಂಬಿಸಿವೆಯೆಂದು ಹೇಳುತ್ತದೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಸೆಲ್ಸಸನು, ಬುದ್ಧಿ ಕದಡಿದವರಿಗೆ ನಿದ್ರೆ ಎಷ್ಟು ದುರ್ಲಭವೋ ಅಷ್ಟೇ ಅವಶ್ಯಕವೆಂದೂ, ಅದು ಬಂದಿತೆಂದರೆ ಬಹುಮಂದಿ ಚೇತರಿಸಿಕೊಳ್ಳುತ್ತಾರೆಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಅವನು ಸೂಚಿಸಿದ ಉಪಾಯಗಳಲ್ಲಿ ಗಸಗಸೆ ಗಿಡದ ಕಷಾಯವಿದೆ. ತೂಗುಮಂಚದ ಮೆಲ್ಲನೆಯ ತೊನೆದಾಟವಿದೆ. ಮಲಗುವ ಎಡೆಗೆ ಸಮೀಪದಲ್ಲಿ ಕೊಳವೆಯಿಂದ ಬೀಳುವ ನೀರಿನ ಸದ್ದೂ ಇದೆ. ಇಂಥ ರೋಗಿಗಳನ್ನು ಕತ್ತಲಲ್ಲಿ ಇರಿಸಬೇಕೋ ಬೆಳಕಿನಲ್ಲಿ ಇರಿಸಬೇಕೋ ಎಂಬ ವಾದವನ್ನೂ ಅವನು ದಾಖಲಿಸಿದ್ದಾನೆ. ಕತ್ತಲು ಮನಸ್ಸನ್ನು ಶಾಂತಗೊಳಿಸುತ್ತದೆಂಬುದು ಹಿಂದಿನವರ ಮತ, ಕತ್ತಲೇ ಭಯಹುಟ್ಟಿಸುತ್ತದೆಂಬುದು ಅಸ್ಕ್ಲೆಪಿಯಾಡಿಸ್ ಎಂಬ ವೈದ್ಯನ ಮತ. ಯಾವುದೊಂದೂ ಎಲ್ಲರಿಗೂ ಸಲ್ಲದು, ರೋಗಿಯ ಪ್ರಕೃತಿಯನ್ನು ನೋಡಿ ನಿಶ್ಚಯಿಸಬೇಕೆಂದು ಸೆಲ್ಸಸ್ ತೀರ್ಪು ಕೊಡುತ್ತಾನೆ. ಆತನ ಕಾಲದ ಬುದ್ಧಿಭ್ರಮಣೆಗಳ ವಿಂಗಡಣೆ ಇಂದಿನದಲ್ಲವಾದರೂ, ಎರಡು ಸಹಸ್ರ ವರ್ಷಗಳ ತರುವಾಯ ಇದೇ ಪ್ರಶ್ನೆ ಪ್ರಯೋಗಶಾಲೆಯಲ್ಲಿ ಮರಳಿ ತಲೆಯೆತ್ತಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಉನ್ಮಾದವೂ ವಿಷಣ್ಣತೆಯೂ ಒಂದೇ ರೋಗದ ಎರಡು ಮುಖಗಳೆಂಬುದನ್ನು ಪ್ಯಾರಿಸಿನ ಫಾಲ್ರೆ ಮತ್ತು ಬೈಯಾರ್ಜೆ 1850ರ ದಶಕದಲ್ಲಿ ಪ್ರತಿಪಾದಿಸಿದರು. ಜರ್ಮನಿಯ ಕ್ರೇಪೆಲಿನ್ 1899ರಲ್ಲಿ ಅದಕ್ಕೆ ಉನ್ಮಾದ-ವಿಷಾದ ವ್ಯಾಧಿಯೆಂಬ ವ್ಯಾಪಕವಾದ ಚೌಕಟ್ಟನ್ನು ಕೊಟ್ಟನು. ಅಷ್ಟರಲ್ಲಿ ರಸಾಯನಶಾಸ್ತ್ರವು ನಿದ್ರಾಜನಕ ಔಷಧಗಳನ್ನು ಒಂದಾದಮೇಲೊಂದರಂತೆ ವೈದ್ಯರ ಕೈಗಿತ್ತಿತ್ತು. 1869ರಲ್ಲಿ ಬರ್ಲಿನ್ನಿನ ಲೀಬ್ರೈಖ್ ಕ್ಲೋರಲ್ ಹೈಡ್ರೇಟನ್ನು ಪ್ರಚಾರಕ್ಕೆ ತಂದನು. 1903ರಲ್ಲಿ ಬಾರ್ಬಿಟ್ಯುರೇಟ್ ವರ್ಗದ ಮೊದಲನೆಯ ಮದ್ದು ವೆರೊನಾಲ್ ಹೊರಬಂದಿತು. ರಾತ್ರಿಯೆಲ್ಲ ಕೂಗಾಡುವ ರೋಗಿಗಳಿಂದ ತುಂಬಿದ ಅಂದಿನ ಹುಚ್ಚಾಸ್ಪತ್ರೆಗಳಲ್ಲಿ ಇವು ವರದಂತೆ ಕಂಡದ್ದು ಸಹಜವೇ.

ಇಲ್ಲಿಂದ ಮುಂದಕ್ಕೆ ಈ ಇತಿಹಾಸದ ಅತ್ಯಂತ ವಿಷಾದಕರವಾದ ಅಧ್ಯಾಯ ತೆರೆಯುತ್ತದೆ. ಷಾಂಘೈಯಲ್ಲಿ ವೃತ್ತಿನಡೆಸುತ್ತಿದ್ದ ನೀಲ್ ಮ್ಯಾಕ್ಲಿಯೋಡ್ ಎಂಬ ಸ್ಕಾಟಿಷ್ ವೈದ್ಯನು ಬ್ರೋಮೈಡನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ತೀವ್ರ ಉನ್ಮಾದದ ರೋಗಿಗಳನ್ನು ಹಲವು ದಿನ ಎಡೆಬಿಡದೆ ನಿದ್ದೆಯಲ್ಲಿ ಇರಿಸಿ, ಅನೇಕರು ಗುಣಹೊಂದಿದರೆಂದು 1900ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ವರದಿಮಾಡಿದನು. ಅವನ ರೋಗಿಗಳಲ್ಲೊಬ್ಬರು ಆ ನಿದ್ರೆಯಿಂದ ಮೇಲೇಳಲಿಲ್ಲ. 1920ರಲ್ಲಿ ಜೂರಿಕ್ಕಿನ ಯಾಕೋಬ್ ಕ್ಲೇಸಿ ಬಾರ್ಬಿಟ್ಯುರೇಟ್ ಮಿಶ್ರಣವಾದ ಸೋಮ್ನಿಫೆನ್ನಿನಿಂದ ದೀರ್ಘನಿದ್ರಾ ಚಿಕಿತ್ಸೆಯನ್ನು, ಮುಖ್ಯವಾಗಿ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ, ಪ್ರಯೋಗಿಸಿದಾಗ 26 ಜನರಲ್ಲಿ ಮೂವರು ಮಡಿದರು. ಆದರೂ ಈ ಪದ್ಧತಿ ದೇಶದಿಂದ ದೇಶಕ್ಕೆ ಹಬ್ಬಿತು. ಆಸ್ಟ್ರೇಲಿಯದ ಸಿಡ್ನಿಯ ಚೆಲ್ಮ್ಸ್‌ಫರ್ಡ್ ಆಸ್ಪತ್ರೆಯಲ್ಲಿ 1960 ಮತ್ತು 70ರ ದಶಕಗಳಲ್ಲಿ ಹ್ಯಾರಿ ಬೈಲಿ ಎಂಬ ವೈದ್ಯನು ಇದನ್ನು ನಡೆಸಿದ ರೀತಿಯಿಂದ 20ಕ್ಕೂ ಹೆಚ್ಚು ಮಂದಿ ಸತ್ತು, ಕಟ್ಟಕಡೆಗೆ 1988ರಿಂದ 1990ರ ವರೆಗೆ ಸರ್ಕಾರಿ ಆಯೋಗವೊಂದು ವಿಚಾರಣೆ ನಡೆಸಬೇಕಾಯಿತು. ಇಲ್ಲಿನ ದೋಷ ಔಷಧದ ಪ್ರಮಾಣದಲ್ಲಷ್ಟೇ ಇರಲಿಲ್ಲ. ಜ್ಞಾನತಪ್ಪಿಸಿ ಕೆಡವಿದ ಸ್ಥಿತಿಯನ್ನೇ ಇವರು ನಿದ್ರೆಯೆಂದು ಭ್ರಮಿಸಿದರು. ಸಹಜನಿದ್ರೆಯಲ್ಲಿ ಮಿದುಳು ಕನಸಿನ ಮತ್ತು ಕನಸಿಲ್ಲದ ಘಟ್ಟಗಳನ್ನು ಕ್ರಮವಾಗಿ ಹಾದುಹೋಗುತ್ತದೆ, ಮೈ ಮಗ್ಗುಲಾಗುತ್ತದೆ, ಉಸಿರು ತಾನಾಗಿ ಹದಗೊಳ್ಳುತ್ತದೆ. ದಿನಗಟ್ಟಲೆ ಮದ್ದಿನ ಮಂಪರಿನಲ್ಲಿ ಬಿದ್ದಿರುವ ರೋಗಿಗಾದರೋ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ತಗಲುವ ಅಪಾಯ ಸದಾ ಇರುತ್ತದೆ.

ಇತ್ತ ಭಾರತದಲ್ಲಿ ಸರ್ಪಗಂಧದ ಬೇರು ಜನಬಳಕೆಯಲ್ಲಿ ಮೊದಲಿನಿಂದ ಇದ್ದಿತು. ಬಿಹಾರದ ಕಡೆ ಅದನ್ನು ಹುಚ್ಚಿನ ಮದ್ದೆಂದೇ ಮಾರುತ್ತಿದ್ದರು. ಉದ್ರೇಕಗೊಂಡ ಮನೋರೋಗಿಗಳಲ್ಲಿ ಅದರ ಗುಣವನ್ನು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್, ಲಿಥಿಯಮ್ ಲವಣ ಚುಚ್ಚಿದ ಗಿನಿಹಂದಿಗಳು ಮಂಕಾಗಿ ಮಲಗಿದುದನ್ನು ಕಂಡು, ಅದನ್ನು 10 ಮಂದಿ ಉನ್ಮಾದಿಗಳಿಗೆ ಕೊಟ್ಟು ಪಡೆದ ಫಲವನ್ನು ಲೋಕಕ್ಕೆ ತಿಳಿಸಿದನು. 1952ರ ಜನವರಿಯಲ್ಲಿ ಪ್ಯಾರಿಸಿನ ವಾಲ್-ದ-ಗ್ರಾಸ್ ಸೈನಿಕ ಆಸ್ಪತ್ರೆಯಲ್ಲಿ 24 ವರ್ಷದ ಉನ್ಮಾದ ರೋಗಿಯೊಬ್ಬನಿಗೆ ಕ್ಲೋರ್‌ಪ್ರೊಮಜೀನ್ ಎಂಬ ಮನೋವಿಕಾರಶಾಮಕವನ್ನು ಕೊಡಲಾಯಿತು. ಲಿಥಿಯಮ್ ನಿದ್ರೆಯ ಮದ್ದಲ್ಲ. ಅದು ಜೀವಿಗಳ ದೇಹದೊಳಗಿನ ಗಡಿಯಾರದ ಆವರ್ತವನ್ನು ತುಸು ದೀರ್ಘಗೊಳಿಸುತ್ತದೆಂಬುದು ಅನಂತರ ಅನೇಕ ಪ್ರಯೋಗಗಳಲ್ಲಿ ಕಂಡುಬಂದಿತು. ಅದರ ಉಪಕಾರದಲ್ಲಿ ಈ ಗುಣದ ಪಾಲೆಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಿದ್ರಾಲೋಪವು ಕಾರಣವೂ ಆಗಬಲ್ಲದೆಂಬುದಕ್ಕೆ ಬಲವಾದ ಸಾಕ್ಷ್ಯ ಬಂದದ್ದು ವಿಚಿತ್ರವೆನ್ನಿಸುವ ದಿಕ್ಕಿನಿಂದ. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ವಾಲ್ಟರ್ ಶುಲ್ಟೆ, ಒಂದು ರಾತ್ರಿ ಪೂರ್ತಿ ಎಚ್ಚರವಿದ್ದ ಖಿನ್ನರೋಗಿಗಳಲ್ಲಿ ಕೆಲವರ ಮನಸ್ಸು ಮಾರನೆಯ ಬೆಳಗಿಗೆ ಹಗುರಾಗುವುದನ್ನು ಗಮನಿಸಿದ್ದನು. 1971ರಲ್ಲಿ ಪ್ಲೂಗ್ ಮತ್ತು ಟೋಲ್ಲೆ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಆ ಹಗುರ ಸಾಮಾನ್ಯವಾಗಿ ಮುಂದಿನ ನಿದ್ದೆಯೊಡನೆ ಕರಗಿಹೋಗುತ್ತಿತ್ತು. ಆದರೆ ಬೈಪೋಲಾರ್ ರೋಗಿಗಳಲ್ಲಿ ಕೆಲವರು ಹಗುರದ ಗೆರೆಯನ್ನೂ ದಾಟಿ ಉನ್ಮಾದಕ್ಕೇ ಹಾರುತ್ತಿದ್ದರು. ಇಟಲಿಯ ಮಿಲಾನಿನಲ್ಲಿ 206 ಮಂದಿ ಬೈಪೋಲಾರ್ ಖಿನ್ನರನ್ನು ಹೀಗೆ ಜಾಗರಣೆಗೆ ಒಳಪಡಿಸಿದ ವರದಿ 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 4.85ರಷ್ಟು ಜನ ಉನ್ಮಾದಕ್ಕೂ ಶೇ. 5.83ರಷ್ಟು ಜನ ಅದರ ಸೌಮ್ಯರೂಪಕ್ಕೂ ತಿರುಗಿದ್ದರು.

ಈ ಎಲ್ಲ ಎಳೆಗಳನ್ನು ಒಂದುಗೂಡಿಸಿದ ಕೀರ್ತಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಥಾಮಸ್ ವೇರ್ ಎಂಬಾತನದು. ಬಲುಬೇಗನೆ ಏರಿಳಿಯುವ ಕೆಲವು ರೋಗಿಗಳು ಖಿನ್ನತೆಯಿಂದ ಉನ್ಮಾದಕ್ಕೆ ತಿರುಗುವ ಘಳಿಗೆಯಲ್ಲಿ ಇಡೀ ಒಂದು ರಾತ್ರಿಯ ನಿದ್ರೆಯನ್ನೇ ಬಿಟ್ಟುಬಿಡುತ್ತಾರೆಂದು ಅವನೂ ಅವನ ಸಂಗಡಿಗರೂ 1982ರಲ್ಲಿ ತೋರಿಸಿದರು. 1987ರ ಪ್ರಬಂಧದಲ್ಲಿ ವೇರ್, ಸ್ಯಾಕ್ ಮತ್ತು ರೋಸೆನ್‌ಥಾಲ್ ಇನ್ನೂ ದಿಟ್ಟವಾದ ಮಾತನ್ನಾಡಿದರು. ಬಂಧುವಿಯೋಗ, ಹೆರಿಗೆ, ದೂರಪ್ರಯಾಣ, ಪ್ರೇಮಭಂಗ, ಕೆಲವು ಔಷಧಗಳು ಎಂದು ಉನ್ಮಾದಕ್ಕೆ ನೂರೆಂಟು ಪ್ರಚೋದಕಗಳನ್ನು ಹೇಳುತ್ತ ಬಂದಿದ್ದೇವಷ್ಟೆ. ಇವುಗಳಲ್ಲಿ ಬಹುಪಾಲು ಕೊನೆಗೆ ನಿದ್ರೆಯನ್ನು ಕಡಿಮೆಮಾಡುವ ಒಂದೇ ದಾರಿಯಲ್ಲಿ ಸಂಧಿಸಿ ಕೆಲಸಮಾಡುತ್ತಿರಬಹುದು. ನಿದ್ರೆ ತಗ್ಗಿದರೆ ಉನ್ಮಾದ ಹೆಚ್ಚುತ್ತದೆ, ಉನ್ಮಾದ ಹೆಚ್ಚಿದರೆ ನಿದ್ರೆ ಮತ್ತಷ್ಟು ತಗ್ಗುತ್ತದೆ; ಗಾಳಿ ಬೀಸಿ ಬೆಂಕಿ ಹೆಚ್ಚಿ, ಆ ಬೆಂಕಿಯಿಂದಲೇ ಗಾಳಿ ಮತ್ತೆ ಏಳುವ ಕಾಡುಕಿಚ್ಚಿನ ಬಗೆ ಇದು. ಈ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಊಹೆ ಮತ್ತೊಂದು ಹುಟ್ಟಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಎಲ್ಲ ಶೋಕಗಳನ್ನೂ ಎಲ್ಲ ಪ್ರಯಾಣಗಳನ್ನೂ ವೈದ್ಯನು ತಡೆಯಲಾರನಾದರೂ, ಅವುಗಳ ನಡುವೆ ರಾತ್ರಿಯ ನಿದ್ರೆಯೊಂದನ್ನು ಕಾಪಾಡುವುದು ಸಾಧ್ಯವೆಂಬ ಆಶೆಯನ್ನು ಅದು ಕೊಟ್ಟಿತು. ಎಲ್ಲರಿಗೂ ಇದು ಸಮನಾಗಿ ಅನ್ವಯಿಸುವುದಿಲ್ಲವೆಂಬುದು ನಿಜ. ಬ್ರಿಟನ್ನಿನಲ್ಲಿ 3,140 ರೋಗಿಗಳನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ರೆಗೆಟ್ಟು ತಮಗೆ ಉನ್ಮಾದ ಬಂದದ್ದುಂಟೆಂದು ಹೇಳಿದವರು ಶೇ. 20ರಷ್ಟು, ಅವರಲ್ಲಿ ಸ್ತ್ರೀಯರ ಪ್ರಮಾಣ ಹೆಚ್ಚು.

ವೇರ್‌ನ ಊಹೆಯಿಂದ ಚಿಕಿತ್ಸೆಯ ಎರಡು ಕವಲುಗಳು ಒಡೆದವು. ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ರೂಪಿಸಿದ ಸಾಮಾಜಿಕ ಲಯಚಿಕಿತ್ಸೆ ಮೊದಲನೆಯದು. ಏಳುವ ವೇಳೆ, ದಿನದ ಮೊದಲ ಮಾತುಕತೆ, ಕೆಲಸದ ಆರಂಭ, ಊಟ, ಮಲಗುವ ವೇಳೆ ಇವನ್ನು ರೋಗಿ ತಾನೇ ಪ್ರತಿದಿನ ಬರೆದಿಟ್ಟು, ಚಿಕಿತ್ಸಕರ ನೆರವಿನಿಂದ ಕ್ರಮಕ್ಕೆ ತಂದುಕೊಳ್ಳುವುದು ಇದರ ಸಾರ. 175 ರೋಗಿಗಳನ್ನು ಒಳಗೊಂಡ ಇದರ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ತೀವ್ರಾವಸ್ಥೆಯಲ್ಲಿಯೇ ಈ ಚಿಕಿತ್ಸೆ ಪಡೆದವರು ಮುಂದೆ ಹೆಚ್ಚು ಕಾಲ ಮರುಕಳಿಕೆಯಿಲ್ಲದೆ ಇದ್ದರು.

ಎರಡನೆಯ ಕವಲು ಕತ್ತಲಿನದು. 1998ರಲ್ಲಿ ವೇರ್, ಔಷಧಗಳಿಗೆ ಜಗ್ಗದೆ ಪದೇಪದೇ ಏರಿಳಿಯುತ್ತಿದ್ದ ರೋಗಿಯೊಬ್ಬನನ್ನು ರಾತ್ರಿ 14 ಗಂಟೆ ಕಾಲ ಕತ್ತಲ ಕೋಣೆಯಲ್ಲಿ ಮಲಗಿಸಿ, ಕ್ರಮೇಣ ಆ ಅವಧಿಯನ್ನು 10 ಗಂಟೆಗೆ ಇಳಿಸಿ, ಅವನ ನಿದ್ರೆಯೂ ಮನಸ್ಸೂ ಒಂದು ನೆಲೆಗೆ ಬಂದುದನ್ನು ವರದಿಮಾಡಿದನು. 2005ರಲ್ಲಿ ಮಿಲಾನಿನ ವೈದ್ಯರು 16 ಉನ್ಮಾದಿಗಳನ್ನು, ಎಂದಿನ ಔಷಧಗಳನ್ನು ಮುಂದುವರಿಸಿಕೊಂಡೇ, ಸಂಜೆ 6ರಿಂದ ಬೆಳಗ್ಗೆ 8ರ ವರೆಗೆ ಮೂರು ರಾತ್ರಿ ಕತ್ತಲಲ್ಲಿ ಇರಿಸಿದರು. ಉನ್ಮಾದ ತಲೆದೋರಿ ಎರಡು ವಾರ ಮೀರಿರದಿದ್ದವರಲ್ಲಿ ಅದು ಬೇಗನೆ ಇಳಿಯಿತು. ತಳಮಳದಿಂದ ಕುದಿಯುವ ಮನುಷ್ಯನನ್ನು ಕತ್ತಲಲ್ಲಿ ಕೂಡಿಹಾಕುವುದು ಎಷ್ಟು ಕಠಿನವೆಂಬುದನ್ನು ಅಸ್ಕ್ಲೆಪಿಯಾಡಿಸನೇ ಹೇಳಿದ್ದನಷ್ಟೆ. ಇದಕ್ಕೆ ಪರಿಹಾರ ನೇತ್ರವಿಜ್ಞಾನದಿಂದ ಬಂದಿತು. ಕಣ್ಣಿನ ಅಕ್ಷಿಪಟದಲ್ಲಿ ನೋಟಕ್ಕಾಗಿಯಲ್ಲದೆ ಹಗಲಿರುಳುಗಳ ಸುದ್ದಿಯನ್ನು ಮಿದುಳಿನ ಗಡಿಯಾರಕ್ಕೆ ಮುಟ್ಟಿಸುವುದಕ್ಕಾಗಿಯೇ ದುಡಿಯುವ ಕೆಲವು ಕೋಶಗಳಿವೆಯೆಂದೂ, ಅವು ವಿಶೇಷವಾಗಿ ನೀಲಿಬೆಳಕಿಗೆ ಸ್ಪಂದಿಸುತ್ತವೆಂದೂ 2002ರ ಸುಮಾರಿಗೆ ಖಚಿತವಾಯಿತು. ನೀಲಿಯನ್ನು ತಡೆದರೆ ಮಿದುಳಿನ ಪಾಲಿಗೆ ಕತ್ತಲೆಯೇ ಆದಂತಾಯಿತು. ನಾರ್ವೆಯ ಟೋನೆ ಹೆನ್ರಿಕ್‌ಸೆನ್ ಮತ್ತು ಸಂಗಡಿಗರು ಉನ್ಮಾದಿಗಳಲ್ಲಿ ಕೆಲವರಿಗೆ ಕಿತ್ತಳೆಬಣ್ಣದ ಗಾಜಿನ ಕನ್ನಡಕವನ್ನೂ ಉಳಿದವರಿಗೆ ಬಣ್ಣವಿಲ್ಲದ ಕನ್ನಡಕವನ್ನೂ ಏಳು ದಿನ ಸಂಜೆ 6ರಿಂದ ಬೆಳಗ್ಗೆ 8ರ ವರೆಗೆ ತೊಡಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲದಂತೆ ಉನ್ಮಾದದ ತೀವ್ರತೆಯ ಅಂಕ ಮೊದಲನೆಯವರಲ್ಲಿ ಸರಾಸರಿ 14.1ರಷ್ಟೂ ಎರಡನೆಯವರಲ್ಲಿ 1.7ರಷ್ಟೂ ಇಳಿಯಿತು. ಲೆಕ್ಕಕ್ಕೆ ಬಂದ ರೋಗಿಗಳು 23 ಮಂದಿ ಮಾತ್ರವಾದುದರಿಂದ ಇದನ್ನು ಅಂತಿಮಪ್ರಮಾಣವೆಂದು ಹಿಡಿಯಲಾಗದು. ಔಷಧವನ್ನು ಬಿಟ್ಟು ಕನ್ನಡಕವನ್ನು ನಂಬುವುದಂತೂ ಸರ್ವಥಾ ಕೂಡದು.

ಇಂದಿನ ವೈದ್ಯಕ್ರಮದಲ್ಲಿ ಉನ್ಮಾದ ಏರಿದಾಗ ಲಿಥಿಯಮ್, ವಾಲ್ಪ್ರೊಯೇಟ್, ಮನೋವಿಕಾರಶಾಮಕಗಳೊಡನೆ ಕೆಲವು ದಿನಗಳ ಮಟ್ಟಿಗೆ ಲೊರಾಜೆಪಾಮ್‌ನಂತಹ ನಿದ್ರಾಕಾರಕವನ್ನು ಸೇರಿಸುವುದು ವಾಡಿಕೆ. ಸ್ವಸ್ಥವಾಗಿರುವ ಕಾಲದಲ್ಲಿ ರಾತ್ರಿಪಾಳಿಯನ್ನು ಬಿಡುವಂತೆಯೂ, ಸಂಜೆಯ ಮೇಲೆ ಕಾಫಿಯನ್ನು ವರ್ಜಿಸುವಂತೆಯೂ ರೋಗಿಗೆ ಹೇಳುತ್ತಾರೆ. ಮದುವೆಮನೆಯ ರಾತ್ರಿಗೆಲಸ, ಶಿವರಾತ್ರಿಯ ಜಾಗರಣೆ, ಬೆಳಗಿನವರೆಗೆ ನಡೆಯುವ ಯಕ್ಷಗಾನ ಇವೆಲ್ಲ ನಮ್ಮ ಜೀವನದ ಸೊಬಗೇ ಆದರೂ, ಈ ರೋಗವುಳ್ಳವರು ಅಲ್ಲಿಂದ ಹೊತ್ತಿಗೆ ಸರಿಯಾಗಿ ಎದ್ದುಬಂದು ಮಲಗುವುದನ್ನು ಮನೆಯವರು ಉದಾಸೀನವೆಂದು ತಿಳಿಯಬಾರದು. ವಿಮಾನಪ್ರಯಾಣದ ವಿಷಯದಲ್ಲಿ, ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಆಸ್ಪತ್ರೆಗೆ ಸೇರಿದ 186 ಮನೋರೋಗಿಗಳನ್ನು ಕುರಿತು 1982ರಲ್ಲಿ ಪ್ರಕಟವಾದ ಅಧ್ಯಯನವು, ಪಶ್ಚಿಮದಿಂದ ಪೂರ್ವಕ್ಕೆ ಹಾರಿಬಂದವರಲ್ಲಿ ಉನ್ಮಾದದ ಸೌಮ್ಯರೂಪವನ್ನೂ ಪೂರ್ವದಿಂದ ಪಶ್ಚಿಮಕ್ಕೆ ಹೋದವರಲ್ಲಿ ಖಿನ್ನತೆಯನ್ನೂ ಹೆಚ್ಚಾಗಿ ಕಂಡಿತು. ಅಮೆರಿಕದಿಂದ ಯೂರೋಪಿನ ಮಾರ್ಗವಾಗಿ ಬೆಂಗಳೂರಿಗೆ ರಜಕ್ಕೆ ಬರುವ ಕನ್ನಡಿಗರ ಹಾದಿ ಈ ಮೊದಲನೆಯದೇ.

ಈ ರೋಗವುಳ್ಳ ಸ್ತ್ರೀಯರಿಗೆ ಅತ್ಯಂತ ಅಪಾಯದ ಕಾಲವೆಂದರೆ ಹೆರಿಗೆಯಾದ ಮೊದಲ ಕೆಲವು ವಾರ. ಹಳ್ಳಿಗಳಲ್ಲಿ ಬಾಣಂತಿ ಸನ್ನಿಯೆಂದು ಕರೆಯುವ ವಿಕಾರಗಳಲ್ಲಿ ಹಲವು ಇದೇ ವ್ಯಾಧಿಯ ರೂಪಗಳು. ನಿದ್ರೆಗೆಟ್ಟಾಗ ತಮಗೆ ಉನ್ಮಾದ ಬರುತ್ತದೆಂದು ತಿಳಿಸಿದ ಸ್ತ್ರೀಯರಲ್ಲಿ ಪ್ರಸವಾನಂತರದ ಈ ತೀವ್ರವಿಕಾರದ ಸಂಭವ ಸುಮಾರು ಇಮ್ಮಡಿಯೆಂದು ಬ್ರಿಟನ್ನಿನ ಅಧ್ಯಯನಕಾರರು 2018ರಲ್ಲಿ ತಿಳಿಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತಾಯಂದಿರನ್ನು ಮಗುವಿನೊಂದಿಗೇ ಸೇರಿಸಿಕೊಳ್ಳುವ ಪ್ರತ್ಯೇಕ ವಿಭಾಗವುಂಟು. ನಮ್ಮ ಬಾಣಂತನದ ಪದ್ಧತಿಯಲ್ಲಿ ತವರಿನ ಹಿರಿಯ ಹೆಂಗಸರು ಮಗುವನ್ನು ಎತ್ತಿಕೊಂಡು ಬಾಣಂತಿಯನ್ನು ಮಲಗಗೊಡುವ ರೂಢಿ ಇದಕ್ಕೆ ಅನುಕೂಲವಾದುದೇ. ಆದರೆ ರಾತ್ರಿಯ ಹಾಲೂಡಿಕೆ ಮಾತ್ರ ತಾಯಿಯ ಪಾಲಿಗೇ ಉಳಿಯುತ್ತದೆ. ಆದಕಾರಣ ಈ ರೋಗದ ಪೂರ್ವಚರಿತ್ರೆಯುಳ್ಳ ಗರ್ಭಿಣಿಯ ವಿಷಯದಲ್ಲಿ, ನಡುರಾತ್ರಿಯ ಹಾಲನ್ನು ಯಾರು ಕುಡಿಸುವುದು, ತಾಯಿಗೆ ಎಡೆಬಿಡದೆ ಐದಾರು ಗಂಟೆ ನಿದ್ರೆ ದೊರೆಯುವಂತೆ ಮಗುವನ್ನು ಯಾರ ಕೋಣೆಯಲ್ಲಿ ಮಲಗಿಸುವುದು, ಒಂದು ರಾತ್ರಿ ನಿದ್ರೆ ತಪ್ಪಿದರೆ ಯಾವ ಮಾತ್ರೆಯನ್ನು ಕೊಟ್ಟು ಯಾರಿಗೆ ಫೋನ್ ಮಾಡುವುದು ಎಂಬುದನ್ನೆಲ್ಲ ಹೆರಿಗೆಗೆ ಮುಂಚಿತವಾಗಿಯೇ ವೈದ್ಯರು ಆಕೆಯ ಗಂಡನೊಡನೆಯೂ ಆಕೆಯ ತಾಯಿಯೊಡನೆಯೂ ಕುಳಿತು ಗೊತ್ತುಮಾಡಿಕೊಳ್ಳುವುದು ವಿಹಿತ.