‘ಎಲ್ಲಾ ಗ್ರಾಫಿಕ್ಸ್ ಗುರು’ ಅನ್ನೋ ಮುಂಚೆ: ಎಸ್‌ಎಫ್‌ಎಕ್ಸ್, ವಿಎಫ್‌ಎಕ್ಸ್, ಸಿಜಿಐ ಒಂದೇ ಅಲ್ಲ

ಥಿಯೇಟರ್‌ನಿಂದ ಆಚೆ ಬರುವಾಗ ಎರಡು ಮಾತು ಕಿವಿಗೆ ಬೀಳ್ತವೆ. ಸಿನಿಮಾ ಇಷ್ಟವಾಗದಿದ್ದರೆ ‘ಎಲ್ಲಾ ಗ್ರಾಫಿಕ್ಸ್ ಗುರು’. ಇಷ್ಟವಾದರೆ ‘ಗ್ರಾಫಿಕ್ಸೇ ಇಲ್ವಂತೆ, ಎಲ್ಲಾ ಒರಿಜಿನಲ್ಲಂತೆ’. ಈ ಎರಡನೇ ಮಾತನ್ನು ಈಗ ಸಿನಿಮಾದವರೇ ನಮ್ಮ ಬಾಯಿಗೆ ಇಡ್ತಿದ್ದಾರೆ. ಹಾಲಿವುಡ್‌ನಲ್ಲಂತೂ ‘ನೋ ಸಿಜಿಐ’ ಅನ್ನೋದು ಪ್ರಚಾರದ ಘೋಷಣೆಯೇ ಆಗಿಬಿಟ್ಟಿದೆ.

ಸಮಸ್ಯೆ ಏನಂದ್ರೆ, ನಾವು ‘ಗ್ರಾಫಿಕ್ಸ್’ ಅಂತ ಒಂದೇ ಪದದಲ್ಲಿ ಮುಗಿಸೋದರೊಳಗೆ ಬೇರೆ ಬೇರೆ ಕೆಲಸಗಳಿವೆ. ಅವನ್ನು ಬಿಡಿಸಿ ನೋಡಿದರೆ ಈ ಘೋಷಣೆ ಎಷ್ಟು ನಿಜ, ಅದರ ಹಿಂದೆ ಯಾರ ದುಡಿಮೆ ಮರೆಯಾಗುತ್ತಿದೆ ಅನ್ನೋದು ಕಾಣುತ್ತೆ. ಆ ದುಡಿಮೆಯ ಒಂದು ಪಾಲು ಬೆಂಗಳೂರಿನದ್ದೂ ಹೌದು.

ಮೂರು ಪದ, ಒಂದು ಸಿನಿಮಾ

ಆಂಗ್ ಲೀ ನಿರ್ದೇಶನದ ‘ಲೈಫ್ ಆಫ್ ಪೈ’ (2012) ನೋಡಿದ್ದೀರಲ್ಲ? ನಡುಸಮುದ್ರದ ದೋಣಿಯಲ್ಲಿ ಒಬ್ಬ ಹುಡುಗ, ಒಂದು ಹುಲಿ. ಮೂರೂ ಕೆಲಸಗಳು ಅದರಲ್ಲಿ ಒಟ್ಟಿಗೇ ಸಿಗುತ್ತವೆ.

ಸಮುದ್ರದ ದೃಶ್ಯಗಳ ಶೂಟಿಂಗ್ ನಡೆದದ್ದು ತೈವಾನಿನ ತೈಚುಂಗ್‌ನಲ್ಲಿ, ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಕಟ್ಟಿದ ದೊಡ್ಡ ನೀರಿನ ತೊಟ್ಟಿಯಲ್ಲಿ. ಅಲೆ ಎಬ್ಬಿಸಿದ್ದು ಯಂತ್ರ. ಆ ನೀರು, ಆ ಅಲೆ, ನಟ ಸೂರಜ್ ಶರ್ಮಾ ಒದ್ದೆಯಾದದ್ದು, ಎಲ್ಲವೂ ಕ್ಯಾಮೆರಾ ಮುಂದೆಯೇ ನಡೆದದ್ದು. ಇದು ಪ್ರಾಕ್ಟಿಕಲ್ ಎಫೆಕ್ಟ್. ಇಂಡಸ್ಟ್ರಿಯಲ್ಲಿ ಸ್ಪೆಷಲ್ ಎಫೆಕ್ಟ್ಸ್ ಅಥವಾ ಎಸ್‌ಎಫ್‌ಎಕ್ಸ್ ಅಂತಲೂ ಕರೀತಾರೆ. ಟ್ಯಾಂಕರ್ ನೀರಿನಿಂದ ಸುರಿಸೋ ಮಳೆ, ಬಾಂಬ್ ಬ್ಲಾಸ್ಟ್, ಗುಂಡು ತಗುಲಿದಾಗ ಒಡೆಯೋ ರಕ್ತದ ಪ್ಯಾಕೆಟ್, ಪ್ರಾಸ್ಥೆಟಿಕ್ ಮೇಕಪ್ ಎಲ್ಲ ಇದೇ ಗುಂಪಿಗೆ ಸೇರುತ್ತವೆ.

ತೊಟ್ಟಿಯ ಆಚೆಗಿನದ್ದನ್ನು ಅಳಿಸಿ, ಅಲ್ಲಿ ಕೊನೆಯಿಲ್ಲದ ಕಡಲು ಮತ್ತು ಆಕಾಶ ಕೂರಿಸಿದ್ದು ಶೂಟಿಂಗ್ ನಂತರದ ಕೆಲಸ. ಶೂಟ್ ಮಾಡಿದ ಚಿತ್ರವನ್ನು ಬೇರೆ ಚಿತ್ರದ ಜೊತೆ ಬೆರೆಸೋದು, ಬೇಡದ್ದನ್ನು ತೆಗೆಯೋದು, ಇಲ್ಲದ್ದನ್ನು ಸೇರಿಸೋದು, ಇದು ವಿಷುಯಲ್ ಎಫೆಕ್ಟ್ಸ್, ಅಂದರೆ ವಿಎಫ್‌ಎಕ್ಸ್.

ಇನ್ನು ಆ ಹುಲಿ. ಕೆಲವೇ ಶಾಟ್‌ಗಳಲ್ಲಿ ನಿಜವಾದ ಹುಲಿಗಳಿವೆ. ಬಹುಪಾಲು ಶಾಟ್‌ಗಳಲ್ಲಿರೋದು ಕಂಪ್ಯೂಟರ್‌ನಲ್ಲಿ ಮೂಳೆ, ಸ್ನಾಯು, ಚರ್ಮ, ಕೂದಲು ಎಲ್ಲ ಸೇರಿಸಿ ಕಟ್ಟಿದ ಹುಲಿ. ಇದು ಸಿಜಿಐ, ಕಂಪ್ಯೂಟರ್‌ನಲ್ಲೇ ಹುಟ್ಟಿದ ಚಿತ್ರ.

ಹೀಗಾಗಿ ಸಿಜಿಐ ಅನ್ನೋದು ವಿಎಫ್‌ಎಕ್ಸ್‌ನ ಒಂದು ಸಾಧನ. ವಿಎಫ್‌ಎಕ್ಸ್ ಎಲ್ಲವೂ ಸಿಜಿಐ ಅಲ್ಲ.

ಕಂಪ್ಯೂಟರ್ ಬರೋಕ್ಕೂ ಮುಂಚೆ

ಈ ವ್ಯತ್ಯಾಸ ಅನುಮಾನ ಅನ್ನಿಸಿದರೆ ಇತಿಹಾಸ ನೋಡಿ. ಫ್ರಾನ್ಸ್‌ನ ಜಾರ್ಜ್ ಮೆಲಿಯೆಸ್ 1902ರಲ್ಲೇ ತೆರೆಯ ಮೇಲೆ ಚಂದ್ರನಿಗೆ ರಾಕೆಟ್ ಹಾರಿಸಿದ. ನಮ್ಮಲ್ಲಿ ‘ಬಭ್ರುವಾಹನ’ (1977) ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಆ ಕಾಲದಲ್ಲಿ ದ್ವಿಪಾತ್ರಕ್ಕೆ ಬಳಸುತ್ತಿದ್ದ ಸಾಮಾನ್ಯ ವಿಧಾನ ಮಾಸ್ಕ್ ಶಾಟ್. ಲೆನ್ಸ್‌ನ ಅರ್ಧ ಮುಚ್ಚಿ ಒಂದು ಪಾತ್ರವನ್ನು ಶೂಟ್ ಮಾಡೋದು, ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧದಲ್ಲಿ ಮತ್ತೊಂದು ಪಾತ್ರವನ್ನು ಶೂಟ್ ಮಾಡೋದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಾಡಿದರೂ ಕೆಲಸ ಕೆಟ್ಟಂತೆ. ಕಂಪ್ಯೂಟರ್‌ನ ಸುಳಿವೇ ಇಲ್ಲದ ವಿಷುಯಲ್ ಎಫೆಕ್ಟ್ ಇದು.

ಅದೇ ಕನ್ನಡದಲ್ಲಿ 2016ರ ‘ನಾಗರಹಾವು’ ಚಿತ್ರಕ್ಕೆ, 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಲಾಯಿತು. ಅದು ಸಿಜಿಐ. ಎರಡನ್ನೂ ‘ಗ್ರಾಫಿಕ್ಸ್’ ಅಂದುಬಿಟ್ಟರೆ ಎರಡು ಬೇರೆ ಕಸುಬುಗಳನ್ನು ಒಂದೇ ಮೂಟೆಗೆ ತುಂಬಿದ ಹಾಗೆ.

ಹಳೆಯ ವಿಧಾನವೇ ಚೆಂದ, ಹೊಸದು ಮೋಸ ಅನ್ನೋ ಜಗಳಕ್ಕೂ ಅರ್ಥವಿಲ್ಲ. ‘ಜುರಾಸಿಕ್ ಪಾರ್ಕ್’ (1993) ಸಿಜಿಐ ಯುಗದ ಬಾಗಿಲು ತೆರೆದ ಸಿನಿಮಾ ಅಂತಾರೆ. 127 ನಿಮಿಷದ ಆ ಚಿತ್ರದಲ್ಲಿ ಡೈನೊಸಾರ್‌ಗಳು ಕಾಣೋದು ಸುಮಾರು 15 ನಿಮಿಷ; ಅದರಲ್ಲಿ ಸಿಜಿಐ ಪಾಲು ಸುಮಾರು 6 ನಿಮಿಷ ಮಾತ್ರ. ಉಳಿದದ್ದು ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಾಂತ್ರಿಕ ಗೊಂಬೆಗಳು. ಮಳೆಯ ದೃಶ್ಯದಲ್ಲಿ ಟಿ-ರೆಕ್ಸ್ ಗೊಂಬೆಯ ಫೋಮ್ ಚರ್ಮ ನೀರು ಕುಡಿದು ಭಾರವಾಗಿ ನಡುಗತೊಡಗಿತ್ತು. ಶಾಟ್‌ಗಳ ನಡುವೆ ಅದನ್ನು ಒರೆಸಿ ಒಣಗಿಸೋದೇ ಒಂದು ಕೆಲಸವಾಗಿತ್ತು. ಎರಡೂ ವಿಧಾನ ಒಂದರ ಕೊರತೆಯನ್ನು ಇನ್ನೊಂದು ತುಂಬಿದ್ದರಿಂದಲೇ ಆ ಡೈನೊಸಾರ್ ಇವತ್ತಿಗೂ ಹಳತಾಗಿಲ್ಲ.

‘ನೋ ಸಿಜಿಐ’ ಅಂದ್ರೆ ಏನು?

‘ಟಾಪ್ ಗನ್: ಮ್ಯಾವೆರಿಕ್’ (2022) ಪ್ರಚಾರ ನೆನಪಿಸಿಕೊಳ್ಳಿ. ನಟರನ್ನು ನಿಜವಾಗಿಯೂ ಯುದ್ಧವಿಮಾನದಲ್ಲಿ ಕೂರಿಸಿ ಹಾರಿಸಿದ್ದರು. ಅದು ಸುಳ್ಳಲ್ಲ. ಆದರೆ ಅದೇ ಸಿನಿಮಾದಲ್ಲಿ 2,400ರಷ್ಟು ವಿಎಫ್‌ಎಕ್ಸ್ ಶಾಟ್‌ಗಳಿದ್ದವು. ಶತ್ರು ವಿಮಾನಗಳು ಕಂಪ್ಯೂಟರ್‌ನಲ್ಲಿ ಹುಟ್ಟಿದವು. ಆ ಸಿನಿಮಾ ವಿಎಫ್‌ಎಕ್ಸ್ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನವನ್ನೂ ಪಡೆಯಿತು.

‘ಓಪನ್‌ಹೈಮರ್’ (2023) ಇನ್ನೂ ಸೂಕ್ಷ್ಮ. ಕ್ರಿಸ್ಟೋಫರ್ ನೋಲನ್ ಅಣುಸ್ಫೋಟವನ್ನು ಸಿಜಿಐ ಇಲ್ಲದೆ ತೋರಿಸಿದರು. ಪೆಟ್ರೋಲ್, ಪ್ರೊಪೇನ್, ಅಲ್ಯೂಮಿನಿಯಂ ಪುಡಿ, ಮೆಗ್ನೀಷಿಯಂ ಬಳಸಿ ನಿಜವಾದ ಸ್ಫೋಟವನ್ನೇ ಶೂಟ್ ಮಾಡಿದರು. ಆದರೆ ಹಾಗೆ ಶೂಟ್ ಮಾಡಿದ ತುಣುಕುಗಳನ್ನು ಒಂದರ ಮೇಲೊಂದು ಬೆರೆಸಿ ದೃಶ್ಯ ಕಟ್ಟಿದ್ದು ವಿಎಫ್‌ಎಕ್ಸ್ ಕಲಾವಿದರು. ಸಿಜಿಐ ಇಲ್ಲ, ವಿಎಫ್‌ಎಕ್ಸ್ ಇದೆ. ಈ ವ್ಯತ್ಯಾಸ ಗೊತ್ತಿಲ್ಲದವರ ಬಾಯಲ್ಲಿ ಅದು ‘ಎಫೆಕ್ಟ್ಸೇ ಇಲ್ಲದ ಸಿನಿಮಾ’ ಆಯಿತು. ಆ ಕೆಲಸ ಮಾಡಿದ ಅನೇಕರ ಹೆಸರು ಕ್ರೆಡಿಟ್ಸ್‌ನಲ್ಲಿ ಇಲ್ಲ ಅನ್ನೋ ದೂರೂ ಕೇಳಿಬಂತು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2019ರ ‘ದಿ ಲಯನ್ ಕಿಂಗ್’ ಚಿತ್ರವನ್ನು ಜನ ‘ಲೈವ್ ಆ್ಯಕ್ಷನ್’ ಅಂತ ಕರೆದರು. ನಿರ್ದೇಶಕ ಜಾನ್ ಫ್ಯಾವ್ರೋ ಅವರೇ ಹೇಳಿದಂತೆ ಅದರಲ್ಲಿ ಕ್ಯಾಮೆರಾದಿಂದ ತೆಗೆದ ನಿಜವಾದ ಶಾಟ್ ಇದ್ದದ್ದು ಒಂದೇ ಒಂದು.

ಕಾಣದ ಕೈಗಳು

2013ರ ಫೆಬ್ರವರಿ 24ರಂದು ‘ಲೈಫ್ ಆಫ್ ಪೈ’ಗೆ ವಿಎಫ್‌ಎಕ್ಸ್ ಆಸ್ಕರ್ ಬಂತು. ಆ ಹುಲಿಯನ್ನು ಕಟ್ಟಿದ ‘ರಿದಮ್ ಆ್ಯಂಡ್ ಹ್ಯೂಸ್’ ಕಂಪನಿ ಅಷ್ಟರಲ್ಲಿ ದಿವಾಳಿ ಅರ್ಜಿ ಹಾಕಿ ಎರಡು ವಾರವೂ ಆಗಿರಲಿಲ್ಲ. ನೂರಾರು ಜನ ಕೆಲಸ ಕಳೆದುಕೊಂಡಿದ್ದರು, ಸಮಾರಂಭದ ಹೊರಗೆ ಕಲಾವಿದರು ಪ್ರತಿಭಟಿಸುತ್ತಿದ್ದರು. ವೇದಿಕೆಯ ಮೇಲೆ ಬಿಲ್ ವೆಸ್ಟೆನ್‌ಹೋಫರ್ ಕಂಪನಿಯ ಕಷ್ಟ ಹೇಳೋಕೆ ಶುರುಮಾಡಿದಾಗ ‘ಜಾಸ್’ ಸಿನಿಮಾದ ಸಂಗೀತ ಜೋರಾಗಿ, ಮಾತು ಅಲ್ಲಿಗೇ ನಿಂತಿತು. ಸಿನಿಮಾ ಗಳಿಸಿದ್ದು 60 ಕೋಟಿ ಡಾಲರ್‌ಗೂ ಹೆಚ್ಚು.

ಇದು ಹೇಗೆ ಸಾಧ್ಯ? ಈ ವ್ಯವಹಾರ ನಡೆಯೋದೇ ಹಾಗೆ. ವಿಎಫ್‌ಎಕ್ಸ್ ಕಂಪನಿಗಳು ಸಾಮಾನ್ಯವಾಗಿ ನಿಗದಿತ ಮೊತ್ತಕ್ಕೆ ಕೆಲಸ ಒಪ್ಪಿಕೊಳ್ಳುತ್ತವೆ. ನಿರ್ದೇಶಕರು ಹತ್ತು ಸಲ ಬದಲಾವಣೆ ಕೇಳಿದರೆ ಆ ಹೊರೆ ಬೀಳೋದು ಕಂಪನಿಯ ಮೇಲೆ, ಅಲ್ಲಿಂದ ರಾತ್ರಿಯಿಡೀ ಕೂರೋ ಕಲಾವಿದರ ಮೇಲೆ. ಎಲ್ಲಿ ತೆರಿಗೆ ರಿಯಾಯಿತಿ ಇದೆಯೋ, ಎಲ್ಲಿ ಕೂಲಿ ಕಡಿಮೆಯೋ ಕೆಲಸ ಅಲ್ಲಿಗೆ ಹೋಗುತ್ತೆ. ಫ್ರೇಮ್ ಫ್ರೇಮಿಗೂ ನಟರ ಅಂಚು ಕತ್ತರಿಸೋ ರೋಟೋ, ಕೇಬಲ್ ಅಳಿಸೋ ಪೇಂಟ್, ಇಂಥ ಕಣ್ಣು ನೋಯಿಸೋ ಕೆಲಸದ ದೊಡ್ಡ ಪಾಲು ಬಂದದ್ದು ಭಾರತಕ್ಕೆ.

2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಗ್ರೂಪ್ ಕುಸಿಯಿತು. ಈಗಷ್ಟೇ ಹೇಳಿದ ‘ದಿ ಲಯನ್ ಕಿಂಗ್’ ಮಾಡಿದ ಎಂಪಿಸಿ ಇದರದ್ದೇ ಸ್ಟುಡಿಯೊ. ನಿರ್ಧಾರ ಆದದ್ದು ಪ್ಯಾರಿಸ್‌ನಲ್ಲಿ, ಬೀದಿಗೆ ಬಿದ್ದವರಲ್ಲಿ ಭಾರತದ ಮೂರು ಸಾವಿರದಷ್ಟು ಜನರಿದ್ದರು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು. 2012ರಲ್ಲೇ ಅನಿಮೇಷನ್, ವಿಎಫ್‌ಎಕ್ಸ್‌ಗೆ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಈಗ 2024–29ರ ಹೊಸ ನೀತಿಯೂ ಇದೆ. ಎಷ್ಟು ಉದ್ಯೋಗ ಬರುತ್ತೆ ಅನ್ನೋ ಲೆಕ್ಕದ ಜೊತೆಗೆ, ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿದರೆ ಸಂಬಳಕ್ಕೆ ಯಾರು ಹೊಣೆ ಅನ್ನೋದನ್ನೂ ಕೇಳಬೇಕಲ್ವ? 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ವಿಎಫ್‌ಎಕ್ಸ್ ನೌಕರರು ಯೂನಿಯನ್ ಬೇಕು ಅಂತ ಸರ್ವಾನುಮತದಿಂದ ಮತ ಹಾಕಿದ್ದು ಇಂಥ ಅಭದ್ರತೆಯ ವಿರುದ್ಧವೇ.

‘ಒರಿಜಿನಲ್’ಗೂ ಬೆಲೆ ಇದೆ

‘ಎಲ್ಲಾ ರಿಯಲ್’ ಅನ್ನೋ ಹೊಗಳಿಕೆಗೆ ಇನ್ನೊಂದು ಮುಖವಿದೆ. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಶೂಟಿಂಗ್‌ನಲ್ಲಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಅದು ಸಾಹಸ ದೃಶ್ಯ, ಎಫೆಕ್ಟ್ ಅಲ್ಲ, ನಿಜ. ಆದರೆ ‘ನಿಜವಾಗಿ ಮಾಡಿದರೇ ಗಮ್ಮತ್ತು’ ಅನ್ನೋ ತರ್ಕ ಎರಡಕ್ಕೂ ಒಂದೇ. ತಗ್ಗಿನಲ್ಲಿ ಹಾರಿಸಿ ಎತ್ತರ ತೋರಿಸೋದು, ತೊಟ್ಟಿಯಲ್ಲಿ ಹಾರಿಸಿ ಜಲಾಶಯ ಕೂರಿಸೋದು ವಿಎಫ್‌ಎಕ್ಸ್‌ಗೆ ಗೊತ್ತಿರೋ ಕೆಲಸವೇ. ಕೆಲವು ಕಡೆ ‘ಗ್ರಾಫಿಕ್ಸ್’ ಜೀವ ಉಳಿಸುತ್ತೆ.

ಮುಂದಿನ ಸಲ ಯಾರಾದರೂ ‘ಸಿಜಿಐ ಬಳಸಿಲ್ಲ’ ಅಂದರೆ ಮೂರು ಪ್ರಶ್ನೆ ಕೇಳಿ. ಕ್ಯಾಮೆರಾ ಮುಂದೆ ಏನು ನಡೆಯಿತು, ಅದು ಸುರಕ್ಷಿತವಾಗಿ ನಡೆಯಿತಾ? ಶೂಟಿಂಗ್ ಆದಮೇಲೆ ಏನು ಸೇರಿಸಿದರು, ಏನು ಅಳಿಸಿದರು? ಅದನ್ನು ಮಾಡಿದವರ ಹೆಸರು ಎಲ್ಲಿದೆ? ಕೊನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕ್ರೆಡಿಟ್ಸ್ ಮುಗಿಯೋವರೆಗೂ ಸೀಟು ಬಿಡಬೇಡಿ. ಅಲ್ಲಿ ಓಡೋ ಹೆಸರುಗಳಲ್ಲಿ ನಮ್ಮೂರಿನವರು ಎಷ್ಟೋ ಜನ ಇರ್ತಾರೆ, ಕೆಲಸ ಮಾಡಿಯೂ ಅಲ್ಲಿ ಹೆಸರಿಲ್ಲದವರೂ ಇರ್ತಾರೆ.