ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಪರಿಹಾರ

ಅಂಗವೈಕಲ್ಯ ಪರಿಹಾರವು ಸೈನಿಕ ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ಗಾಯ, ಕಾಯಿಲೆಗಳಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯು ಪ್ರತಿ ತಿಂಗಳು ನೀಡುವ ತೆರಿಗೆರಹಿತ ಮೊತ್ತವಾಗಿದೆ. ವೈಕಲ್ಯದ ಪ್ರಮಾಣವನ್ನು ಶೇ. 0ರಿಂದ 100ರವರೆಗೆ ಹತ್ತರ ಅಂತರದಲ್ಲಿ ನಿಗದಿಪಡಿಸಲಾಗುತ್ತದೆ.

ಹಿಂಬಾಕಿ

ಅರ್ಜಿಯ ತೀರ್ಮಾನಕ್ಕೆ ತಿಂಗಳುಗಳು, ಮೇಲ್ಮನವಿಯಾದರೆ ವರ್ಷಗಳೇ ಹಿಡಿಯಬಹುದು. ಆ ಅವಧಿಯ ಹಣವನ್ನು ಒಟ್ಟಿಗೆ ಪಾವತಿಸಲಾಗುತ್ತದೆ. ಲೆಕ್ಕವು ಸಾಮಾನ್ಯವಾಗಿ ಅರ್ಜಿ ತಲುಪಿದ ದಿನದಿಂದ ಆರಂಭವಾಗುತ್ತದೆಯೇ ಹೊರತು ಗಾಯವಾದ ದಿನದಿಂದಲ್ಲ. ಸೇವೆಯಿಂದ ಬಿಡುಗಡೆಯಾದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದವರಿಗೆ ಬಿಡುಗಡೆಯ ಮರುದಿನವೇ ಆಧಾರವಾಗುತ್ತದೆ. ಅರ್ಜಿ ಸಲ್ಲಿಸುವ ಇಚ್ಛೆಯನ್ನು ಮೊದಲೇ ದಾಖಲಿಸಿ, ವರ್ಷದೊಳಗೆ ಪೂರ್ಣ ಅರ್ಜಿ ಕೊಟ್ಟರೆ ಆ ಮೊದಲ ದಿನಾಂಕ ಉಳಿಯುತ್ತದೆ.

ಮರಳಿ ಉದ್ಯೋಗ

ಪಟ್ಟಿಯ ಪ್ರಕಾರವೇ ಶೇ. 100 ಪಡೆದವರು ಉದ್ಯೋಗ ಮಾಡಿದ ಮಾತ್ರಕ್ಕೆ ಪರಿಹಾರ ಕಳೆದುಕೊಳ್ಳುವುದಿಲ್ಲ. ಗೊಂದಲ ಹೆಚ್ಚಾಗಿರುವುದು ಎರಡನೆಯ ವರ್ಗದಲ್ಲಿ. ಒಂದೇ ವೈಕಲ್ಯ ಶೇ. 60 ಇದ್ದು, ಅಥವಾ ಕನಿಷ್ಠ ಶೇ. 40ರ ಒಂದು ವೈಕಲ್ಯ ಸೇರಿ ಒಟ್ಟು ಶೇ. 70 ಇದ್ದು, ಜೀವನಾಧಾರದ ಉದ್ಯೋಗ ಮಾಡಲಾಗದವರಿಗೆ ಶೇ. 100ರ ದರವನ್ನೇ ನೀಡಲಾಗುತ್ತದೆ. ಇವರ ಗಳಿಕೆಯು ಒಬ್ಬ ವ್ಯಕ್ತಿಯ ಬಡತನ ಮಿತಿಯನ್ನು ಮೀರದಿದ್ದರೆ ಅದನ್ನು ಅಲ್ಪ ಉದ್ಯೋಗವೆಂದು ಪರಿಗಣಿಸಲಾಗುತ್ತದೆ. ಪೂರ್ಣ ಉದ್ಯೋಗಕ್ಕೆ ಸೇರಿದರೂ, ಅದನ್ನು ಸತತ 12 ತಿಂಗಳು ನಿರ್ವಹಿಸುವವರೆಗೆ ಆ ಕಾರಣವೊಂದರಿಂದಲೇ ದರವನ್ನು ಇಳಿಸುವಂತಿಲ್ಲ. ನಂತರ ಉದ್ಯೋಗ ದೊರೆತಿತೆಂದು, ಹಿಂದೆ ದುಡಿಯಲಾಗದೆ ಇದ್ದ ಅವಧಿಯ ಹಿಂಬಾಕಿಯ ಹಕ್ಕೂ ಅಳಿಯುವುದಿಲ್ಲ.

ಸಾಮಾಜಿಕ ಭದ್ರತಾ ಆಡಳಿತದ ಅಂಗವೈಕಲ್ಯ ವಿಮೆಯು ಬೇರೆಯೇ ಯೋಜನೆ. ಅಲ್ಲಿ ಉದ್ಯೋಗದ ಪ್ರಯೋಗಾವಧಿ 9 ತಿಂಗಳು.